ಸುಡದ ಬಣ್ಣ ಕೈಚಿತ್ರದ ಟೈಲ್ಸ್ ಅಲ್ಲ

ಮಾನ್ಯ ಸಂಪಾದಕರೇ,

ಮನೆಯ ಹೆಸರಿನ ಫಲಕಕ್ಕೆ, ಶಾಲೆಯ ಕಾಂಪೌಂಡಿಗೆ ಕೈಚಿತ್ರದ ಟೈಲ್ಸ್ ಮಾಡಿಸುವವರು ಒಂದು ವಿಷಯ ಗಮನಿಸಬೇಕು. ಅಂಗಡಿಯ ಬಿಳಿ ಟೈಲ್ಸ್ ಮೇಲೆ ಅಕ್ರಿಲಿಕ್ ಬಳಿದು, ವಾರ್ನಿಷ್ ಹೊಡೆದ ಮಾಲೂ ಇದೇ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಬಿಸಿಲು ಮಳೆಗೆ ಅದು ಸಿಪ್ಪೆ ಏಳುತ್ತದೆ. ಹತ್ತಿಯನ್ನು ಅಸಿಟೋನ್‌ನಲ್ಲಿ ಅದ್ದಿ ಮೂಲೆಯಲ್ಲಿ ಉಜ್ಜಿ ನೋಡಿ: ಬಣ್ಣ ಹತ್ತಿಗೆ ಹತ್ತಿದರೆ ಅದು ಭಟ್ಟಿ ಕಂಡಿಲ್ಲ. ಸುಟ್ಟ ಬಣ್ಣದ ಬಾಳಿಕೆ ತಿಳಿಯಲು ಬೀದರಿಗೆ ಹೋದರೆ ಸಾಕು. 1472ರ ಮಹಮೂದ್ ಗವಾನ್ ಮದರಸಾದಲ್ಲಿ ಅಳಿದುಳಿದ ಟೈಲ್ಸ್‌ಗಳ ನೀಲಿ ಇನ್ನೂ ಕಾಣುತ್ತದೆ.

ಹೊರಗೋಡೆಗೆ ಗ್ಲೇಜಿನ (ಸುಟ್ಟಾಗ ಗಾಜಿನಂತಾಗುವ ಲೇಪದ) ಅಡಿಯಲ್ಲಿ ಬರೆದ ಚಿತ್ರವೇ ಸರಿ. ಒಣಗಿದ ಮಣ್ಣಿನ ಬಿಲ್ಲೆಯನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆ ಸುಟ್ಟು, ಬಣ್ಣದಲ್ಲಿ ಬರೆದು, ಪಾರದರ್ಶಕ ಗ್ಲೇಜ್ ಕೊಟ್ಟು, ಮಣ್ಣಿಗೂ ಗ್ಲೇಜಿಗೂ ತಕ್ಕಂತೆ 1050ರಿಂದ 1100ಕ್ಕೆ ಮತ್ತೆ ಸುಡಬೇಕು. ಸಿದ್ಧ ಟೈಲ್ಸ್ ಮೇಲೆ ಬರೆದು 750–820 ಡಿಗ್ರಿಗೆ ಸುಡುವ ಕ್ರಮ ಅಗ್ಗ, ಕೆಂಪು ಮತ್ತು ಚಿನ್ನದ ಬಣ್ಣ ಅದರಲ್ಲೇ ಚೆನ್ನಾಗಿ ಬರುತ್ತವೆ. ಆದರೆ ಬಣ್ಣ ಮೇಲ್ಮೈಯಲ್ಲೇ ಉಳಿಯುವುದರಿಂದ ಅಡುಗೆಮನೆಯ ಹುಳಿಗೆ, ತಿಕ್ಕುವ ಪುಡಿಗೆ ಸವೆಯುತ್ತದೆ. ಬಣ್ಣ ಕಲಸಿದ ಎಣ್ಣೆ ಉರಿದು ಹೋಗುವ ತನಕ, ಅಂದರೆ 500 ಡಿಗ್ರಿವರೆಗೆ, ಭಟ್ಟಿಯ ಗಾಳಿಕಂಡಿ ತೆರೆದಿರಬೇಕು. ಮುಚ್ಚಿದರೆ ಹೊಗೆ ಒಳಗೇ ನಿಂತು ಬಣ್ಣ ಮಂಕಾಗುತ್ತದೆ.

ತಾಮ್ರದ ಬಣ್ಣ ವಿದ್ಯುತ್ ಭಟ್ಟಿಯಲ್ಲಿ ಹಸಿರಾಗುತ್ತದೆ. ಗ್ಯಾಸ್ ಭಟ್ಟಿಯಲ್ಲಿ ಗಾಳಿ ಕಡಿಮೆ ಮಾಡಿ ಸುಟ್ಟರೆ ಅದೇ ಬಣ್ಣ ಕೆಂಪಿಗೆ ತಿರುಗಬಹುದು. ಕೋಬಾಲ್ಟ್ ಎರಡರಲ್ಲೂ ನೀಲಿಯೇ. ಹಲವು ಬಣ್ಣಗಳ ಚಿತ್ರಕ್ಕೆ ವಿದ್ಯುತ್ ಭಟ್ಟಿಯೇ ನೆಚ್ಚಬಹುದಾದದ್ದು.

ಹೆಚ್ಚು ನಷ್ಟ ಆಗುವುದು ಬೆಂಕಿಗೆ ಮುಂಚೆಯೇ. ಅಂಚು ಬೇಗ ಒಣಗಿ ನಡುಭಾಗ ಹಸಿಯಿದ್ದರೆ ಬಿಲ್ಲೆ ಸೊಟ್ಟಗಾಗುತ್ತದೆ. ಮಣ್ಣಿಗೆ ಶೇ 20–25ರಷ್ಟು ಸುಟ್ಟ ಮಣ್ಣಿನ ಪುಡಿ ಸೇರಿಸಿ, ಬಿಲ್ಲೆಗಳನ್ನು ಹಲಗೆಗಳ ನಡುವೆ ಇಟ್ಟು ನಿಧಾನ ಒಣಗಿಸಬೇಕು. ಮಣ್ಣು ಒಟ್ಟು ಶೇ 10 ಕುಗ್ಗುವುದಾದರೆ 15 ಸೆಂ.ಮೀ. ಟೈಲ್ಸ್‌ಗೆ 16.7 ಸೆಂ.ಮೀ. ಕತ್ತರಿಸಬೇಕು. ಸುಟ್ಟ ಬಿಲ್ಲೆಯ ಮೇಲೆ ದೂಳು, ಬೆರಳಿನ ಜಿಡ್ಡು ಇದ್ದ ಕಡೆ ಗ್ಲೇಜ್ ಹಿಂದೆ ಸರಿದು ಬರಿ ಮಣ್ಣು ಕಾಣುತ್ತದೆ. ಅವಸರಪಟ್ಟು ಭಟ್ಟಿ ತೆರೆದರೆ, ವಿಶೇಷವಾಗಿ 573 ಡಿಗ್ರಿಯ ಆಸುಪಾಸಿನಲ್ಲಿ, ಮಣ್ಣಿನಲ್ಲಿರುವ ಸ್ಫಟಿಕದ ಗಾತ್ರ ಥಟ್ಟನೆ ಬದಲಾಗಿ ಟೈಲ್ಸ್ ಸೀಳುತ್ತದೆ.

ಶಾಲೆ, ಪಂಚಾಯಿತಿಗಳು ಆರ್ಡರ್ ಪತ್ರದಲ್ಲಿ ಬಣ್ಣ ಗ್ಲೇಜಿನ ಅಡಿಯಲ್ಲೋ ಮೇಲೋ, ಎಷ್ಟು ಡಿಗ್ರಿಗೆ ಸುಟ್ಟದ್ದು ಎಂದು ಬರೆಸಿಕೊಳ್ಳಲಿ. ಅದೇ ಸುಡುವಿಕೆಯ ಕೆಲವು ಬಿಲ್ಲೆಗಳನ್ನು ಹೆಚ್ಚುವರಿಯಾಗಿ ಪಡೆದಿಟ್ಟುಕೊಳ್ಳಲಿ. ಮುಂದೆ ಒಂದು ಒಡೆದಾಗ ಬೇರೆ ಸುಡುವಿಕೆಯ ಬಣ್ಣ ಅದಕ್ಕೆ ಕೂಡುವುದಿಲ್ಲ.

– ಸೆರಾಮಿಕ್ ಕೆಲಸಗಾರರು, ಬೆಂಗಳೂರು