ಬಣ್ಣದ ಮಾತು ಆಮೇಲೆ, ಮೊದ್ಲು ಉಜ್ಜೋದರ ಬಗ್ಗೆ ಬರೆಸಿ

ಸಂಪಾದಕರೇ,

ಮನೇಲೇ ಕಾರಿಗೆ ಬಣ್ಣ ಹೊಡ್ಕೊಳ್ಳೋದರ ಬಗ್ಗೆ ಬರೋ ಲೇಖನಗಳಲ್ಲಿ ಯಾವ ಸ್ಪ್ರೇ ಗನ್, ಯಾವ ಶೇಡ್, ಎಷ್ಟು ಕೋಟ್ ಅನ್ನೋದೇ ಜಾಸ್ತಿ, ಅದಕ್ಕೂ ಮುಂಚಿನ ಕೆಲಸಾನ ಮಾತ್ರ "ಚೆನ್ನಾಗಿ ಉಜ್ಜಿ ಕ್ಲೀನ್ ಮಾಡಿ" ಅಂತ ಒಂದೇ ಸಾಲಲ್ಲಿ ಮುಗಿಸ್ಬಿಡ್ತಾರೆ. ಮುಕ್ಕಾಲು ಪಾಲು ಕೆಲಸ ಇರೋದೇ ಆ ಸಾಲಲ್ಲಿ, ಅದ್ರಲ್ಲೂ ಹೇಳಿರೋ ಕ್ರಮ ಉಲ್ಟಾ.

ಉಜ್ಜೋಕೆ ಮುಂಚೆನೇ ಕ್ಲೀನ್ ಆಗ್ಬೇಕು. ವ್ಯಾಕ್ಸ್, ಪಾಲಿಶ್, ಟೈರಿಗೆ ಹೊಡೆಯೋ ಸಿಲಿಕೋನ್ ಎಲ್ಲಾ ಬಾಡಿ ಮೇಲೆ ಕೂತಿರತ್ತೆ, ಅದರ ಮೇಲೇ ಎಮರಿ ಪೇಪರ್ ಆಡಿಸಿದ್ರೆ ಜಿಡ್ಡು ಗೀರುಗಳೊಳಗೆ ಇಳಿಯತ್ತೆ, ಆಮೇಲೆ ಬಣ್ಣ ಬಿದ್ದ ಕೂಡ್ಲೇ ಅಲ್ಲಲ್ಲಿ ಗುಂಡಗೆ ಸಣ್ಣ ಕುಳಿ ಬಿಟ್ಕೊಂಡು ಬಣ್ಣ ಪಕ್ಕಕ್ಕೆ ಸರಿಯತ್ತೆ, ಇದಕ್ಕೇ ಪೇಂಟರ್‌ಗಳು ಫಿಶ್ ಐ ಅನ್ನೋದು. ಸೋಪ್ ನೀರಲ್ಲಿ ತೊಳೆದು ಒಣಗಿಸಿ, ವ್ಯಾಕ್ಸ್ ತೆಗೆಯೋ ಸಾಲ್ವೆಂಟನ್ನ ಒಂದು ಬಟ್ಟೇಲಿ ಹಚ್ಚಿ, ಅದು ಆರೋಕೆ ಮುಂಚೆ ಇನ್ನೊಂದು ಒಣ ಬಟ್ಟೇಲಿ ಒರೆಸ್ಬೇಕು. ತಾನಾಗೇ ಆರ್ಲಿ ಅಂತ ಬಿಟ್ರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಕೂರತ್ತೆ.

ತುಕ್ಕು ಇದ್ರೆ ಹೊಳೆಯೋ ಲೋಹ ಕಾಣೋವರೆಗೂ ತೆಗೀರಿ, ಬರೀ ಕಬ್ಬಿಣಾನ ರಾತ್ರಿಯೆಲ್ಲ ಹಾಗೇ ಬಿಡ್ಬೇಡಿ, ಎಪಾಕ್ಸಿ ಪ್ರೈಮರ್, ಅಂದ್ರೆ ಬಣ್ಣದ ಕೆಳಗೆ ಹೊಡೆಯೋ ತುಕ್ಕು ತಡೆಯೋ ಕೋಟ್, ಹೊಡೆದುಬಿಡಿ. ತಗ್ಗು ತುಂಬೋ ಪುಟ್ಟಿ ಉಜ್ಜೋಕೆ 80ನೇ ನಂಬರ್ ಎಮರಿ ಪೇಪರ್ (ನಂಬರ್ ಹೆಚ್ಚಾದಷ್ಟೂ ಪೇಪರ್ ನಯ), ಆಮೇಲೆ 180, ಪ್ರೈಮರಿಗೆ ಮುಂಚೆ 320, ಪ್ರೈಮರ್ ಮೇಲೆ 400ರಿಂದ 600ರ ವಾಟರ್ ಪೇಪರ್, ಅಂದ್ರೆ ನೀರು ಹಾಕಿ ಉಜ್ಜೋದು. ಹಾರ್ಡನರ್ ಹಾಕೋ ಪುಟ್ಟಿಗೆ ಮಾತ್ರ ನೀರು ಹಾಕಿ ಉಜ್ಜೋದು ಬೇಡ, ಅದು ನೀರು ಹೀರ್ಕೊಳ್ಳತ್ತೆ, ಮುಂದೆ ಬಣ್ಣ ಗುಳ್ಳೆ ಏಳತ್ತೆ. ಬೇಗ ಗಟ್ಟಿ ಆಗ್ಲಿ ಅಂತ ಹಾರ್ಡನರ್ ಜಾಸ್ತಿ ಕಲೆಸೋರೂ ಇದ್ದಾರೆ, ಜಾಸ್ತಿಯಾದ ಹಾರ್ಡನರಿನ ಕಲೆ ಮೇಲಿನ ಬಣ್ಣದಲ್ಲೂ ಎದ್ದು ಕಾಣತ್ತೆ.

ಬರೀ ಬೆರಳಲ್ಲಿ ಪೇಪರ್ ಒತ್ತಿ ಉಜ್ಜಿದ್ರೆ ಬೆರಳಿನ ಸಾಲು ಮೂಡತ್ತೆ, ಪೇಪರ್ ಸುತ್ತಿ ಹಿಡಿಯೋ ಚಪ್ಪಟೆ ಬ್ಲಾಕ್ ಇಟ್ಕೊಳ್ಳಿ. ಹಳೆ ಬಣ್ಣ ಕಿತ್ತ ಜಾಗದ ಅಂಚು ಸರಿ ಹೋಗಿದ್ಯಾ ಅಂತ ಕಣ್ಣಿಗೆ ಗೊತ್ತಾಗಲ್ಲ, ಕಣ್ಣು ಮುಚ್ಚಿ ಉಗುರು ಎಳೀರಿ, ಸಿಕ್ಕಿಕೊಂಡ್ರೆ ಇನ್ನೂ ಕೆಲಸ ಇದೆ. ಪ್ರೈಮರ್ ಒಣಗಿದ ಮೇಲೆ ಅದರ ಮೇಲೆ ಕಪ್ಪು ಸ್ಪ್ರೇ ತೆಳ್ಳಗೆ, ದೂಳು ಬಿದ್ದಷ್ಟು ಸಾಕು, ಹೊಡೆದು ಬ್ಲಾಕ್ ಆಡಿಸಿದ್ರೆ ತಗ್ಗಿರೋ ಕಡೆ ಕಪ್ಪು ಹಾಗೇ ಉಳ್ಕೊಳ್ಳತ್ತೆ. ಮೆಟಾಲಿಕ್ ಬಣ್ಣ ಅಂದ್ರಂತೂ ಈ ಹಂತ ಬಿಡ್ಲೇಬೇಡಿ, ಹೊಳಪು ಬಂದಷ್ಟೂ ಅಂಕುಡೊಂಕು ಜಾಸ್ತಿ ಕಾಣೋದು.

ಇನ್ನೊಂದು ಮಾತು, ಇದು ಸ್ವಲ್ಪ ಕೋಪದಲ್ಲೇ ಬರೀತಿದೀನಿ. ಬಾಯಿಗೆ ಕರ್ಚೀಫ್ ಕಟ್ಕೊಂಡು ಟು ಕೆ ಕ್ಲಿಯರ್ ಕೋಟ್ (ಹಾರ್ಡನರ್ ಬೆರೆಸಿ ಬಣ್ಣದ ಮೇಲೆ ಹೊಡೆಯೋ ಪಾರದರ್ಶಕ ಕೋಟ್) ಹೊಡೆಯೋ ಫೋಟೋ ಹಾಕ್ಬೇಡಿ ಸ್ವಾಮಿ. ಅದರ ಹಾರ್ಡನರಲ್ಲಿ ಐಸೋಸಯನೇಟ್ ಇರತ್ತೆ, ಆಸ್ತಮಾ ಬರಿಸತ್ತೆ, ಒಮ್ಮೆ ಮೈಗೆ ಒಗ್ಗದಂಗೆ ಆದ್ರೆ ಆಮೇಲೆ ಸ್ವಲ್ಪ ತಾಗಿದ್ರೂ ಉಸಿರು ಕಟ್ಟಬಹುದು. ಧೂಳಿನ ಮಾಸ್ಕ್ ಉಜ್ಜೋವಾಗ ಹಾಕ್ಕೊಳ್ಳೋಕೆ, ಈ ಆವಿಗೆ ಅದು ಏನೂ ಮಾಡಲ್ಲ, ಹೊರಗಿಂದ ಗಾಳಿ ಕೊಡೋ ಮಾಸ್ಕೇ ಬೇಕು. ಅದಿಲ್ದೋರು ಉಜ್ಜಿ, ಪುಟ್ಟಿ ಹಾಕಿ, ಎಲ್ಲಾ ರೆಡಿ ಮಾಡಿ ಕೊನೆ ಕೋಟ್ ಮಾತ್ರ ಬಣ್ಣ ಹೊಡೆಯೋಕಂತಲೇ ಮಾಡಿದ ಮುಚ್ಚಿದ ಬೂತ್ ಇರೋ ಕಡೆ ಹೊಡೆಸ್ಲಿ, ಆಗ್ಲೂ ಮಜೂರಿ ಎಷ್ಟೋ ಉಳಿಯತ್ತೆ. ಮುಂದಿನ ಸಲ ವಾಹನದ ಪುಟದಲ್ಲಿ ಇಷ್ಟಾದ್ರೂ ಹಾಕಿ.

ಇತಿ,
ನಿಮ್ಮ ಓದುಗ