ಸಾಕುಪ್ರಾಣಿ ಅಂಗಡಿಗಳಲ್ಲಿ ಕಾಡುಪ್ರಾಣಿ ಮಾರಾಟ ತಡೆಯಲು ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ಶಿವಮೊಗ್ಗ

ಇಂದ,
ವಿನೋಬನಗರದ ನಿವಾಸಿಗಳು

ವಿಷಯ: ಪರವಾನಗಿ ನವೀಕರಿಸುವ ಮುನ್ನ ಸಾಕುಪ್ರಾಣಿ ಅಂಗಡಿಗಳ ತಪಾಸಣೆ ಮಾಡುವ ಬಗ್ಗೆ.

ಮಾನ್ಯರೇ,

ಮೀನಿನ ತೊಟ್ಟಿ, ನಾಯಿಯ ತಿಂಡಿ ಮಾರುವವರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಕೆಲವು ಕಡೆ ಹಸಿರು ಗಿಳಿ, ನಕ್ಷತ್ರ ಆಮೆ ಕೇಳಿದರೆ 'ನಾಳೆ ಬನ್ನಿ, ತರಿಸಿ ಕೊಡ್ತೀವಿ' ಎನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವನ್ನು ಮಾರುವುದಿರಲಿ, ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ನಕ್ಷತ್ರ ಆಮೆಯಂತೂ ಹುಲಿಯ ಜೊತೆ ಕಾಯ್ದೆಯ ಒಂದನೇ ಅನುಸೂಚಿಯಲ್ಲೇ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲೇ ಇದೆ. ಅದೃಷ್ಟ ಬರುತ್ತದೆ ಅಂತ ಜನ ಕೊಳ್ಳುತ್ತಾರೆ. ಅದು ಒಣನೆಲದ, ಕುರುಚಲು ಕಾಡಿನ ಪ್ರಾಣಿ. ನಮ್ಮ ಮಳೆಗಾಲದ ಥಂಡಿಯಲ್ಲಿ, ಬಿಸಿಲು ಬೀಳದ ಕೋಣೆಯಲ್ಲಿ ಇಟ್ಟರೆ ಉಸಿರಾಟದ ಕಾಯಿಲೆ ಬರುತ್ತದೆ, ಚಿಪ್ಪು ಮೆತ್ತಗಾಗುತ್ತದೆ. ಅದೃಷ್ಟ ಯಾರಿಗೆ ಬಂತೋ!

ಇನ್ನೊಂದು, ಅಮೆರಿಕ ಮೂಲದ ಕೆಂಪು ಕಿವಿಯ ಆಮೆ. ಅಂಗಡಿಯಲ್ಲಿ ನಾಣ್ಯದಷ್ಟೇ ಇರುತ್ತದೆ. ಬೆಳೆದರೆ ಒಂದಡಿವರೆಗೂ ಆಗುತ್ತದೆ, 20 ವರ್ಷಕ್ಕೂ ಜಾಸ್ತಿ ಬದುಕಬಲ್ಲದು. ಅದನ್ನು ಮುಟ್ಟಿದ ಕೈ ಬಾಯಿಗಿಟ್ಟರೆ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಿ ಜ್ವರ, ಭೇದಿ ಬರಬಹುದು. ಇದೇ ಕಾರಣಕ್ಕೆ ಅಮೆರಿಕವೇ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿತು. ಇಲ್ಲಿ ಅದನ್ನೇ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಡುತ್ತೇವೆ. ತೊಟ್ಟಿಗೆ ಹಿಡಿಸದಷ್ಟು ಬೆಳೆದ ಮೇಲೆ ತುಂಗೆಗೋ ಹತ್ತಿರದ ಕೆರೆಗೋ ಬಿಟ್ಟುಬಿಡುತ್ತಾರೆ, ಅದೂ ಪುಣ್ಯದ ಕೆಲಸ ಅಂದುಕೊಂಡು. ನೀರಿಗೆ ಬಿದ್ದ ಮೇಲೆ ಅದು ನಮ್ಮ ಊರಿನ ಆಮೆಗಳ ಆಹಾರಕ್ಕೂ, ಅವು ಬಿಸಿಲು ಕಾಯುವ ಬಂಡೆಗೂ ಪೈಪೋಟಿಗೆ ನಿಲ್ಲುತ್ತದೆ.

ಕೇಸು ಹಾಕುವುದು ಅರಣ್ಯ ಇಲಾಖೆಯ ಕೆಲಸ, ಗೊತ್ತು. ಆದರೆ ಅಂಗಡಿಗೆ ಉದ್ದಿಮೆ ಪರವಾನಗಿ ಕೊಡುವುದು ಪಾಲಿಕೆಯೇ ಅಲ್ವಾ? ನವೀಕರಣಕ್ಕೆ ಮೊದಲು ನಿಮ್ಮ ಆರೋಗ್ಯ ನಿರೀಕ್ಷಕರು ಅರಣ್ಯ ಸಿಬ್ಬಂದಿಯನ್ನು ಕರೆದುಕೊಂಡು ಅಂಗಡಿಯ ಹಿಂದಿನ ಕೋಣೆಗೂ ಹೋಗಿ ನೋಡಲಿ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇದೆಯೇ ಎಂದು ಕೇಳಲಿ. ಇಲ್ಲದಿದ್ದರೆ ನವೀಕರಣ ಬೇಡ.

ಈಗಾಗಲೇ ಸಾಕಿಕೊಂಡವರು ಹೆದರಿ ಹೊಳೆಗೆ ಬಿಡಬಾರದು. ಎಲ್ಲಿ ಒಪ್ಪಿಸಬೇಕು ಎಂದು ಅರಣ್ಯ ಇಲಾಖೆಯ ಜೊತೆ ಮಾತಾಡಿ, ಕಸದ ಗಾಡಿಯ ಮೈಕಿನಲ್ಲಿ ಹೇಳಿಸಿ. ಬೋರ್ಡು ಸುಮ್ನೆ ಖರ್ಚು, ಯಾರೂ ಓದುವುದಿಲ್ಲ.

ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇವೆ. ತಪಾಸಣೆಯ ದಿನವನ್ನು ಮಾತ್ರ ಮೊದಲೇ ಯಾರಿಗೂ ಹೇಳಬೇಡಿ, ನಮಗೂ.

ವಂದನೆಗಳೊಂದಿಗೆ,
ವಿನೋಬನಗರದ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)