ಮರಳಿಗೆ ನಟ ಬೇಕಾದರೆ ಜುಹೂಗೆ ಕರೆಯಿರಿ

ಸಂಪಾದಕರೇ,

ಥಾರ್ ಮರುಭೂಮಿಯಲ್ಲಿ ಚಿತ್ರೀಕರಿಸುವ ಸಿನಿಮಾಗಳ ನಾಯಕನನ್ನೂ ಮುಂಬೈನ ಅಂಧೇರಿಯ ಎಸಿ ಕೋಣೆಯಲ್ಲಿ, ಎರಡು ಪುಟ ಮಾತು ಕೊಟ್ಟು ಆರಿಸುತ್ತಾರೆ. ಮಾತೇ ಕಡಿಮೆಯಿರುವ ಪಾತ್ರಕ್ಕೆ ಈ ಪರೀಕ್ಷೆ ಯಾಕೆ?

ಜುಹೂ ಕಡಲತೀರಕ್ಕೆ ಕರೆಯಿರಿ. ಅಲೆ ತಾಗಿದ ಗಟ್ಟಿ ಮರಳು ಬೇಡ, ಮೇಲಿನ ಒಣ ಮರಳೇ ಬೇಕು. ಅದರಲ್ಲಿ ನಡೆಯಲು ಗಟ್ಟಿ ನೆಲದ ಎರಡು ಪಟ್ಟಿಗೂ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಇಪ್ಪತ್ತು ನಿಮಿಷ ನಡೆಸಿ, ಏದುಸಿರು ಇಳಿಯುವ ಮೊದಲೇ ಮುಂಡಾಸು ಸುತ್ತಲು ಹೇಳಿ, ಮೂರು ನಿಮಿಷ ಕತ್ತರಿಸದೆ ಸಮೀಪದಿಂದ ಚಿತ್ರೀಕರಿಸಿ. ದಣಿವನ್ನು ‘ತೋರಿಸುವವರು’ ಹುಬ್ಬು ಗಂಟಿಕ್ಕುತ್ತಾರೆ, ತುಟಿ ಕಚ್ಚುತ್ತಾರೆ. ನಿಜಕ್ಕೂ ದಣಿದವರು ಕೈಕೆಲಸ ನಿಧಾನಿಸುತ್ತಾರೆ, ಅಷ್ಟೆ. ರಂಗಭೂಮಿಯ ನಮ್ಮವರು ಹೆಚ್ಚಾಗಿ ಎಡವುವುದೂ ಇಲ್ಲೇ: ಕೊನೆಯ ಸಾಲಿನ ಪ್ರೇಕ್ಷಕನಿಗಾಗಿ ಪಳಗಿದ ಮುಖ ಕ್ಯಾಮೆರಾಗೆ ಅತಿಯಾಗುತ್ತದೆ.

ಆರಿಸಿದ ಮೇಲೆ ಹತ್ತರಿಂದ ಹದಿನಾಲ್ಕು ದಿನ ಮೊದಲೇ ಥಾರ್‌ನ ಜೈಸಲ್ಮೇರ್‌ಗೆ ಕಳುಹಿಸಿ. ಸೆಖೆಗೆ ದೇಹ ಒಗ್ಗಲು ಅಷ್ಟು ಬೇಕು. ಮುಂಬೈ ಬೆವರು ಮೈಗಂಟುತ್ತದೆ, ಅಲ್ಲಿಯದು ಕ್ಷಣದಲ್ಲಿ ಆರುವುದರಿಂದ ನೀರು ಕಳೆದುಕೊಂಡದ್ದೇ ತಿಳಿಯದು. ಬರೀ ನೀರು ಸಾಲದು, ಉಪ್ಪೂ ಸೇರಬೇಕು.

– ಕನ್ನಡ ರಂಗಕರ್ಮಿಗಳು, ಮಾಟುಂಗಾ, ಮುಂಬೈ